ಸರ್ವೆ ಖರ್ಚು ಇಳಿಸಿ, ಫಾರಂ ಹಿಡಿದವಳ ಕೂಲಿ ಬಿಟ್ಟು

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಬರಹ ಓದಿದೆ. ಸಣ್ಣ ಉದ್ದಿಮೆಯವರಿಗೆ ಮಾರುಕಟ್ಟೆ ಸಮೀಕ್ಷೆ ಕೈಗೆಟುಕುವ ಮಾತಲ್ಲ, ಅದೇನಿದ್ದರೂ ದೊಡ್ಡ ಕಂಪನಿಗಳ ಬಾಬತ್ತು ಎಂಬ ಧಾಟಿಯಲ್ಲಿತ್ತು. ಅರ್ಧ ನಿಜ. ಉಳಿದರ್ಧ ಹೇಳಲು ನನಗೂ ಒಂದಿಷ್ಟು ಹಕ್ಕಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಪತ್ರ ಉದ್ದವಾದೀತು, ಕತ್ತರಿ ನಿಮ್ಮ ಕೈಯಲ್ಲಿದೆ.

1996ರಿಂದ 2024ರವರೆಗೆ, ಮಂಡಿ ಕೈಕೊಡುವ ತನಕ, ನಾನು ಮಾಡಿದ್ದು ಅದೇ ಕೆಲಸ. ಬೆಂಗಳೂರಿನ ರಿಸರ್ಚ್ ಏಜೆನ್ಸಿಗಳಿಗಾಗಿ ಫಾರಂ ಹಿಡಿದು ಮನೆಮನೆ ತಿರುಗುವುದು. ಮೊದಲು ಫಾರಂಗೆ ಇಷ್ಟು ಎನ್ನುವ ಲೆಕ್ಕದ ಫೀಲ್ಡ್ ಹುಡುಗಿ, ಆಮೇಲೆ ಸೂಪರ್‌ವೈಸರ್. ಹಾಸನದ ಪೆನ್ಷನ್ ಮೊಹಲ್ಲಾ, ಸಾಲಗಾಮೆ ರಸ್ತೆ, ವಿದ್ಯಾನಗರ. ಆಚೆ ಅರಸೀಕೆರೆ, ಹೊಳೆನರಸೀಪುರ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು. ಸೋಪು, ಚಹಾಪುಡಿ, ಟೂತ್‌ಪೇಸ್ಟ್, ಟ್ರ್ಯಾಕ್ಟರ್ ಟೈರು, ಒಮ್ಮೆ ಇನ್ಶೂರೆನ್ಸ್. ನಾನು ಕೇಳದ ಪ್ರಶ್ನೆಯಿಲ್ಲ, ನನಗೆ ಬೀಳದ ಬೈಗುಳವಿಲ್ಲ. ನಾಯಿ ಮಾತ್ರ ಎರಡೇ ಸಲ ಕಚ್ಚಿದ್ದು.

ವಿಷಯಕ್ಕೆ ಬರುತ್ತೇನೆ. ಈ ವರ್ಷ ಯುಗಾದಿ ಕಳೆದ ಮೇಲೆ ಆಲೂರು ಕಡೆಯ ಇಬ್ಬರು ಓರಗಿತ್ತಿಯರು ನಮ್ಮ ಮನೆಗೆ ಬಂದರು. ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ರಾಗಿ ನೆನೆಸಿ, ಒಣಗಿಸಿ, ಅರಳು ಹುರಿದು, ಬೀಸಿ, ಜರಡಿ ಹಿಡಿದ ಹಿಟ್ಟು. ಆಹಾರ ಸಂಸ್ಕರಣೆಯ ಕಿರು ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇದೆಯಲ್ಲ, ಶೇ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಬ್ಸಿಡಿ ಸಿಗುವಂಥದ್ದು, ಅದರಲ್ಲಿ ಸಾಲಕ್ಕೆ ಹಾಕಿದ್ದಾರೆ. ಬ್ಯಾಂಕಿನವರು ‘ನಿಮ್ಮ ಮಾಲಿಗೆ ಮಾರ್ಕೆಟ್ ಎಲ್ಲಿದೆ ಅಂತ ಒಂದು ಸರ್ವೆ ಇದ್ದರೆ ಒಳ್ಳೆಯದಿತ್ತು’ ಎಂದರಂತೆ. ಯಾರೋ ಪರಿಚಯದವರು ಬೆಂಗಳೂರಿನ ಒಂದು ಏಜೆನ್ಸಿಯ ನಂಬರ್ ಕೊಟ್ಟರಂತೆ. ಏಜೆನ್ಸಿಯಿಂದ ಕೊಟೇಶನ್ ಬಂತು.

ಹಿರಿಯವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ‘ಅಕ್ಕಾ, ನೀವೇ ನೋಡಿ, ನಮಗೆ ತಲೆಬುಡ ಗೊತ್ತಾಗ್ತಿಲ್ಲ’ ಅಂತ ಕಾಗದ ಚಾಚಿದಳು. ಹಾಸನ, ಚಿಕ್ಕಮಗಳೂರು, ಬೆಂಗಳೂರು ಸೇರಿ 600 ಮನೆ. ನಲವತ್ತು ನಿಮಿಷದ ಪ್ರಶ್ನಾವಳಿ, 64 ಪ್ರಶ್ನೆ. ನಾಲ್ಕು ಗುಂಪು ಚರ್ಚೆ. 5,40,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 97,200. ಒಟ್ಟು 6,37,200. ಅವರ ಹುರಿಯುವ ಯಂತ್ರ, ಬೀಸುವ ಯಂತ್ರ, ಪ್ಯಾಕಿಂಗ್ ಯಂತ್ರ ಮೂರೂ ಸೇರಿದರೂ ಅಷ್ಟಾಗುವುದಿಲ್ಲ.

ಏಜೆನ್ಸಿಯವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಕೇಳಿದ್ದಕ್ಕೆ ತಕ್ಕ ರೇಟು ಹಾಕಿದ್ದಾರೆ. ತಪ್ಪು ಕೇಳಿದ್ದರಲ್ಲೇ ಇತ್ತು. ಇವರು ಕಳಿಸಿದ್ದ ಪತ್ರದಲ್ಲಿ ‘ಗ್ರಾಹಕರ ಮನಸ್ಸು ತಿಳಿಯಬೇಕಾಗಿದೆ’ ಎಂದು ಬರೆದಿತ್ತು. ಗ್ರಾಹಕರ ಮನಸ್ಸು ಎಂದರೆ ಏಳು ಸಮುದ್ರ. ಅದನ್ನು ಅಳೆಯಲು ಹೊರಟರೆ ಆರು ಲಕ್ಷವೂ ಸಾಲದು.

ನಾನು ಕೇಳಿದೆ: ‘ಮನಸ್ಸು ತಿಳಿದು ನೀವಿಬ್ಬರೂ ಏನು ಮಾಡ್ತೀರಮ್ಮ?’

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೊಂದಾಗಿ ಬಂತು. ಪ್ಯಾಕೆಟ್ಟು ಕಾಲು ಕೆಜಿಯದೋ ಅರ್ಧ ಕೆಜಿಯದೋ ಗೊತ್ತಾಗಬೇಕು. ಬೆಲ್ಲ ಏಲಕ್ಕಿ ಬೆರೆಸಿದ್ದು ಮಾಡಬೇಕೋ, ಬರೀ ಹಿಟ್ಟೋ. ಅಂಗಡಿಗೆ ಹಾಕಬೇಕೋ, ನೇರ ಮನೆಗಳಿಗೋ. ಅಷ್ಟೇ. ಮೂರು ತೀರ್ಮಾನ. ಆ 64 ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಮಗನ ಕೆಂಪು ಪೆನ್ನು ತೆಗೆದುಕೊಂಡೆ. ಒಂದೊಂದು ಪ್ರಶ್ನೆಗೂ, ‘ಇದಕ್ಕೆ ಜನ ಹೌದು ಅಂದರೆ ಏನು ಮಾಡ್ತೀರಿ, ಇಲ್ಲ ಅಂದರೆ ಏನು ಮಾಡ್ತೀರಿ?’ ಎಂದು ಕೇಳುತ್ತಾ ಹೋದೆ. ಎರಡಕ್ಕೂ ಒಂದೇ ಉತ್ತರ ಬಂದರೆ ಪ್ರಶ್ನೆಗೆ ಅಡ್ಡಗೀಟು. ‘ನೀವು ವಾರಕ್ಕೆ ಎಷ್ಟು ಗಂಟೆ ಟಿವಿ ನೋಡುತ್ತೀರಿ?’ ಟಿವಿಯಲ್ಲಿ ಜಾಹೀರಾತು ಹಾಕುವಷ್ಟು ದುಡ್ಡು ಇವರಿಗೆಲ್ಲಿದೆ? ಗೀಟು. ‘ಈ ಕೆಳಗಿನ ಹನ್ನೆರಡು ಬ್ರಾಂಡ್‌ಗಳಲ್ಲಿ ಯಾವ ಯಾವುದನ್ನು ಕೇಳಿದ್ದೀರಿ?’ ಗೀಟು. ಮಧ್ಯಾಹ್ನ ಊಟದ ಹೊತ್ತಿಗೆ 17 ಪ್ರಶ್ನೆ ಉಳಿದವು.

ಖರ್ಚು ಕಡಿಮೆಯಾಗುವ ಜಾಗ ಇದೇ, ಸ್ವಾಮಿ. ಚೌಕಾಸಿ ಮಾಡಿ ಶೇ 10 ಇಳಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಕೂತು ಪ್ರಶ್ನೆ ಕಡಿಯುವುದರಲ್ಲಿ ಹತ್ತು ಪಟ್ಟು ಲಾಭ. ಫೀಲ್ಡಿನಲ್ಲಿ ನಲವತ್ತು ನಿಮಿಷದ ಫಾರಂ ಎಂದರೆ ದಿನಕ್ಕೆ ಐದೋ ಆರೋ ಆಗುತ್ತದೆ. ಬಾಗಿಲು ತಟ್ಟುವುದು, ‘ಏನೂ ಬೇಡಮ್ಮಾ, ಹೋಗಿ’ ಅನ್ನಿಸಿಕೊಳ್ಳುವುದು, ನೀರು ಕೇಳಿ ಕುಡಿಯುವುದು ಎಲ್ಲ ಸೇರಿ. 600 ಫಾರಂಗೆ ಸುಮಾರು 110 ಆಳಿನ ದಿನ. ಹನ್ನೆರಡು ನಿಮಿಷದ ಫಾರಂ ಆದರೆ ಅದೇ ಹುಡುಗಿ ದಿನಕ್ಕೆ ಹನ್ನೆರಡು ಹದಿಮೂರು ಮಾಡುತ್ತಾಳೆ. ಮತ್ತೆ ಉತ್ತರದ ಗುಣ? ಕಾಲು ಗಂಟೆ ಕಳೆದ ಮೇಲೆ ಒಲೆಯ ಮೇಲೆ ಹಾಲಿರುತ್ತದೆ, ಕುಕ್ಕರ್ ಮೂರನೇ ಸಲ ಕೂಗಿರುತ್ತದೆ, ಮಗು ಶಾಲೆಯಿಂದ ಬಂದಿರುತ್ತದೆ. ಆ ಹೆಂಗಸು ಆಮೇಲೆ ಎಲ್ಲಕ್ಕೂ ‘ಹೂಂ, ಅದೇ ಹಾಕ್ಕೊಳ್ಳಿ’ ಎನ್ನುತ್ತಾಳೆ. ನಲವತ್ತು ನಿಮಿಷದ ಫಾರಂನ ಕೊನೆಯ ಹತ್ತು ನಿಮಿಷಕ್ಕೆ ಕೊಟ್ಟ ದುಡ್ಡು ಹೇಮಾವತಿಗೆ ಹಾಕಿದ ಹಾಗೆ.

ಇನ್ನು 600 ಮನೆ ಯಾಕೆ? ಜಾಸ್ತಿ ಕೇಳಿದಷ್ಟೂ ನಿಜ ಎಂಬ ನಂಬಿಕೆ. ಇದರ ಲೆಕ್ಕ ನನಗೆ ಹೇಳಿಕೊಟ್ಟವರು, ಸರ್ವೆಗೆ ಮುಂಚೆ ನಮಗೆ ಕೆಲಸ ವಿವರಿಸುವ ಒಂದು ಬ್ರೀಫಿಂಗ್‌ನಲ್ಲಿ ಸಿಕ್ಕ ಹಿರಿಯರು. ಚೀಟಿ ಎತ್ತಿದ ಹಾಗೆ ನ್ಯಾಯವಾಗಿ ಆರಿಸಿದ 100 ಜನರನ್ನು ಕೇಳಿದರೆ ಬರುವ ಶೇಕಡಾವಾರು ಉತ್ತರ ಹೆಚ್ಚುಕಡಿಮೆ 10 ಅಂಶ ಆಚೀಚೆ ಇರಬಹುದು. ಅದನ್ನು 5ಕ್ಕೆ ಇಳಿಸಬೇಕಾದರೆ 200 ಸಾಲದು, 400 ಬೇಕು. ಎರಡೂವರೆಗೆ ಇಳಿಸಬೇಕಾದರೆ 1,600. ತಪ್ಪು ಅರ್ಧವಾಗಲು ಖರ್ಚು ನಾಲ್ಕು ಪಟ್ಟು. ಚುನಾವಣೆಯಲ್ಲಿ ಎರಡು ಅಂಶಕ್ಕೂ ಬೆಲೆಯಿದೆ. ಕಾಲು ಕೆಜಿ ಪ್ಯಾಕೆಟ್ಟನ್ನು ಕೇಳುವವರು ಶೇ 70 ಆದರೇನು, 64 ಆದರೇನು? ತೀರ್ಮಾನ ಒಂದೇ. 150 ಮನೆಗೆ 8 ಅಂಶದ ತಪ್ಪು ಬರುತ್ತದೆ, ಇವರ ಕೆಲಸಕ್ಕೆ ಅದು ಧಾರಾಳ. ಆದರೆ ಒಂದು ಮಾತು: ಆ 150ನ್ನು ಮೂರು ಊರಿಗೆ ಐವತ್ತರಂತೆ ಹಂಚಿ, ಊರೂರಿನ ಲೆಕ್ಕ ಬೇರೆ ಬೇರೆ ಕೇಳಬಾರದು. ಊರು, ವಯಸ್ಸು, ಆದಾಯ ಅಂತ ಸೀಳಿದಷ್ಟೂ ಒಂದೊಂದು ಸೀಳಿಗೂ ಅಷ್ಟಷ್ಟು ಜನ ಬೇಕಾಗುತ್ತಾರೆ. ಅದಕ್ಕೇ ಚಿಕ್ಕಮಗಳೂರು, ಬೆಂಗಳೂರು ಎರಡನ್ನೂ ಕೈಬಿಟ್ಟು ಹಾಸನ ಪಟ್ಟಣ ಒಂದನ್ನೇ ಹಿಡಿದೆವು. ಹುರಿಹಿಟ್ಟು ಹಾಸನದಲ್ಲೇ ಹೋಗದಿದ್ದರೆ ಬೆಂಗಳೂರಿಗೆ ಯಾಕೆ ಹೊರಬೇಕು?

ಇಂಥಿಂಥವರನ್ನು ಇಷ್ಟಿಷ್ಟು ಜನ ಕೇಳಲೇಬೇಕು ಎಂಬ ಕೋಟಾ ಎನ್ನುವ ಇನ್ನೊಂದು ಖರ್ಚಿನ ಕೂಪವಿದೆ, ಹೊರಗಿನವರಿಗೆ ಕಾಣುವುದಿಲ್ಲ. ‘25ರಿಂದ 34 ವಯಸ್ಸಿನ, ಕೆಲಸಕ್ಕೆ ಹೋಗುವ, ಕಳೆದ ಮೂರು ತಿಂಗಳಲ್ಲಿ ಬ್ರಾಂಡ್ ಬದಲಿಸಿದ ಗೃಹಿಣಿ’ ಎಂದು ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಬರೆಯುತ್ತಾರೆ. ಅಂಥವಳು ಒಬ್ಬಳು ಸಿಗಬೇಕಾದರೆ ನಾವು ಮೂವತ್ತು ಬಾಗಿಲು ತಟ್ಟಬೇಕು. ಆ ಇಪ್ಪತ್ತೊಂಬತ್ತು ಬಾಗಿಲಿನ ಖರ್ಚೂ ಕೊಟೇಶನ್ ಒಳಗೇ ಕೂತಿರುತ್ತದೆ. ‘ಮನೆಗೆ ದಿನಸಿ ತರುವವರು’ ಎಂದರೆ ಸಾಕಾಗುವ ಕಡೆ ಇಷ್ಟೆಲ್ಲ ಯಾಕೆ?

ಆದಾಯ ಕೇಳುವುದೂ ಹಾಗೇ. ಸಂಬಳ ಎಷ್ಟು ಎಂದು ಕೇಳಿದರೆ ಅರ್ಧ ಮನೆಯ ಬಾಗಿಲು ಹಾಕಿಕೊಳ್ಳುತ್ತದೆ, ಉಳಿದರ್ಧ ಸುಳ್ಳು ಹೇಳುತ್ತದೆ. 2011ರಿಂದ ನಮ್ಮ ದೇಶದ ಸರ್ವೆಗಳಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ, ಎನ್‌ಸಿಸಿಎಸ್ ಎನ್ನುತ್ತಾರೆ. ಮನೆಯ ಮುಖ್ಯ ದುಡಿಮೆಗಾರರ ಓದು ಎಷ್ಟು, ಮತ್ತು ಹನ್ನೊಂದು ವಸ್ತುಗಳಲ್ಲಿ ಎಷ್ಟಿವೆ: ಕರೆಂಟು, ಫ್ಯಾನು, ಗ್ಯಾಸ್ ಒಲೆ, ಬೈಕು, ಕಲರ್ ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್, ಕಂಪ್ಯೂಟರ್, ಕಾರು, ಎಸಿ, ಜಮೀನು. ಎರಡೇ ಪ್ರಶ್ನೆ, ಒಂದು ನಿಮಿಷ. ಜಗುಲಿಯಲ್ಲಿ ಕೂತರೆ ಅರ್ಧ ಪಟ್ಟಿ ಕಣ್ಣಿಗೇ ಕಾಣುತ್ತದೆ.

ಇದಕ್ಕೂ ಮೊದಲು, ಪುಕ್ಕಟೆ ಸಿಗುವುದನ್ನು ಪುಕ್ಕಟೆಯಾಗಿಯೇ ತೆಗೆದುಕೊಳ್ಳಬೇಕು. ಕೇಂದ್ರ ಅಂಕಿಅಂಶ ಸಚಿವಾಲಯ ನಡೆಸುವ ಮನೆವಾರ್ತೆ ಖರ್ಚಿನ ಸಮೀಕ್ಷೆ ಇದೆ. 2022–23ರಲ್ಲಿ 2.61 ಲಕ್ಷ ಮನೆಗಳಿಗೆ ಹೋಗಿ ಅಕ್ಕಿ, ಬೇಳೆ, ಕಾಫಿಪುಡಿ, ರಾಗಿ ಮತ್ತು ರಾಗಿ ಉತ್ಪನ್ನ ಎಷ್ಟು ಕೊಂಡಿರಿ ಎಂದು ಕೇಳಿ ಬರೆದುಕೊಂಡಿದ್ದಾರೆ. ಆ ಮಾಹಿತಿ ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತದೆ, ಎಂಎಸ್ಸಿ ಓದುವ ಯಾವ ಹುಡುಗನೂ ಇಳಿಸಿಕೊಡುತ್ತಾನೆ. ರಾಜ್ಯದ ಮಟ್ಟಕ್ಕೆ ಅದನ್ನು ನಂಬಬಹುದು. ಹಾಸನ ಜಿಲ್ಲೆ ಒಂದನ್ನೇ ಕತ್ತರಿಸಿ ನೋಡಿದರೆ ಮನೆಗಳ ಸಂಖ್ಯೆ ಸಣ್ಣದಾಗಿ ಲೆಕ್ಕ ಜಾರುತ್ತದೆ. ಜನಗಣತಿ ಇದೆ, 2011ರದ್ದು, ಹಳೆಯದು, ಆದರೂ ಯಾವ ವಾರ್ಡಿನಲ್ಲಿ ಎಷ್ಟು ಮನೆ ಎಂದು ಅಂದಾಜಿಗೆ ಸಾಕು. ಎಲ್ಲಕ್ಕಿಂತ ದೊಡ್ಡ ದಾಖಲೆ ಅವರ ಮನೆಯಲ್ಲೇ ಇತ್ತು. ಕಿರಿಯವಳು ಎರಡು ವರ್ಷದಿಂದ ಶಾಲೆಯ ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಟ್ಟೆ ಎಂದು ಬರೆದಿಟ್ಟಿದ್ದಾಳೆ. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ಒಬ್ಬ ದಿನಸಿ ಅಂಗಡಿಯವರ ಪಕ್ಕ ಸ್ಟೂಲು ಹಾಕಿಕೊಂಡು ಒಂದು ಸಂಜೆ ಕೂತರೆ ಇನ್ನಷ್ಟು ಗೊತ್ತಾಗುತ್ತದೆ. ಕೂತೆವು. ಒಂದು ಲೋಟ ಕಾಫಿ ಖರ್ಚು, ಅದನ್ನೂ ಅವರೇ ತರಿಸಿದರು.

ಆಮೇಲೆ ನಮ್ಮ ಮನೆಯ ಪಡಸಾಲೆಯಲ್ಲೇ ಎರಡು ಸಲ ಏಳೇಳು ಹೆಂಗಸರನ್ನು ಕೂರಿಸಿ ಮಾತಾಡಿಸಿದೆವು. ಬೆಂಗಳೂರಿನಲ್ಲಿ ಇದಕ್ಕೆ ಹೋಟೆಲ್ ರೂಮು, ಒಂದು ಕಡೆಯಿಂದ ಮಾತ್ರ ಕಾಣುವ ಗಾಜು, ವಿಡಿಯೊ ಎಲ್ಲ ಇರುತ್ತದೆ. ಇಲ್ಲಿ ಚಾಪೆ, ಚುರುಮುರಿ. ‘ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?’ ಎಂಬ ಪ್ರಶ್ನೆಯನ್ನು ನಾನು ಯಾವತ್ತೂ ನಂಬಿದವಳಲ್ಲ. ಹಿಂದೊಮ್ಮೆ ಅರಕಲಗೂಡು ಕಡೆ ಒಬ್ಬ ಅಜ್ಜಿ, ‘ನಾನೇನು ಮೇಷ್ಟ್ರಾ ಮಗಾ, ನಂಬರ್ ಕೊಡಕ್ಕೆ?’ ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಈ ಸಲ ಒಬ್ಬೊಬ್ಬರ ಕೈಗೆ ಹತ್ತು ಹುಣಸೆಬೀಜ ಕೊಟ್ಟು, ಮುಂದಿಟ್ಟ ಮೂರು ಬಟ್ಟಲಿಗೆ ಇಷ್ಟವಾದಷ್ಟು ಹಾಕಿ ಎಂದೆ. ಹಾಕುವಾಗ ಕೈ ತಡೆಯುತ್ತದಲ್ಲ, ಅದನ್ನು ನೋಡಬೇಕು.

ಆ ಹುಣಸೆಬೀಜದ ಮಧ್ಯೆಯೇ ಒಂದು ಮಾತು ಬಂತು. ಹೆಚ್ಚಿನವರು ‘ಹುರಿಹಿಟ್ಟು ಮನೇಲೇ ಮಾಡ್ತೀವಿ, ಕೊಳ್ಳೋದೇನು’ ಎಂದರು. ಒಬ್ಬಾಕೆ ಮಾತ್ರ, ‘ನಮಗೆ ಬೇಡ. ಮಗಳು ಮಂಗಳೂರಲ್ಲಿ ಹಾಸ್ಟೆಲ್ಲು, ಅವಳಿಗೆ ಕಳಿಸಕ್ಕೆ ಬೇಕು. ಬಿಸಿನೀರು, ಹಾಲು ಸಿಕ್ಕರೆ ಕಲಸಿಕೊಂಡು ತಿಂತಾಳೆ’ ಎಂದಳು. ಇನ್ನೂ ನಾಲ್ವರು ತಲೆಯಾಡಿಸಿದರು. ಬೆಲ್ಲ ಬೆರೆಸಿದ್ದು, ಒಂದು ಸಲಕ್ಕೆ ಒಂದು ಲೋಟಕ್ಕಾಗುವ ಸಣ್ಣ ಪೊಟ್ಟಣ. ಕಾಲು ಕೆಜಿಯೂ ಅಲ್ಲ, ಅರ್ಧ ಕೆಜಿಯೂ ಅಲ್ಲ. ಏಜೆನ್ಸಿಯ 64 ಪ್ರಶ್ನೆಯಲ್ಲಿ ‘ಹಾಸ್ಟೆಲ್’ ಎಂಬ ಪದವೇ ಇರಲಿಲ್ಲ. 600 ಮನೆ ತಿರುಗಿದ್ದರೂ ಅದು ಹೊರಬರುತ್ತಿರಲಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ನಮ್ಮ 17 ಪ್ರಶ್ನೆಯಲ್ಲಿ ಎರಡನ್ನು ತೆಗೆದು ಹಾಸ್ಟೆಲ್ ಮಕ್ಕಳ ಬಗ್ಗೆ ಎರಡು ಸೇರಿಸಿದೆವು. ಫಾರಂ ಪ್ರಿಂಟಾದ ಮೇಲೆ ಇಂಥ ಬದಲಾವಣೆ ಮಾಡಿದರೆ ಮಾಡಿದ ಕೆಲಸವೆಲ್ಲ ಮತ್ತೆ ಮಾಡಬೇಕು. ನನ್ನ ಅನುಭವದಲ್ಲಿ ಪ್ರಾಜೆಕ್ಟಿನ ಖರ್ಚು ಕೈಮೀರುವುದು ಅರ್ಧ ದಾರಿಯಲ್ಲಿ ಯಜಮಾನರಿಗೆ ಹೊಸ ಪ್ರಶ್ನೆ ಹೊಳೆದಾಗಲೇ.

ಹಂಚಿಕೊಳ್ಳುವುದರ ಬಗ್ಗೆಯೂ ಹೇಳಬೇಕು. ನಿಮ್ಮ ಪತ್ರಿಕೆಗೆ ಎಷ್ಟು ಓದುಗರು ಎಂದು ಲೆಕ್ಕ ಹಾಕಿದ ಇಂಡಿಯನ್ ರೀಡರ್‌ಶಿಪ್ ಸರ್ವೆ 2019ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮನೆಗೆ ಹೋಯಿತು. ಅದು ಒಂದು ಪತ್ರಿಕೆಯ ಕೈಲಾಗುವ ಖರ್ಚೇ? ಪತ್ರಿಕೆಗಳು, ಜಾಹೀರಾತಿನವರು ಎಲ್ಲ ಸೇರಿ ಹೊತ್ತರು. ಇದರ ಸಣ್ಣ ರೂಪಕ್ಕೆ ಆಮ್ನಿಬಸ್ ಸರ್ವೆ ಎನ್ನುತ್ತಾರೆ. ಹೆಸರೇ ಹೇಳುವ ಹಾಗೆ ಬಸ್ಸು: ಯಾರಿಗೆ ಎಷ್ಟು ಪ್ರಶ್ನೆ ಬೇಕೋ ಅಷ್ಟು ಸೀಟಿಗೆ ಟಿಕೆಟ್. ‘ಕಸ್ಟಮ್’ ಸರ್ವೆ ಎಂದರೆ ಒಬ್ಬರಿಗೇ ಟ್ಯಾಕ್ಸಿ ಮಾಡಿದ ಹಾಗೆ. ನಾವು ಶೇರ್ ಆಟೋ ಮಾಡಿದೆವು. ಉಪ್ಪಿನಕಾಯಿ ಮಾಡುವ ಒಬ್ಬರು, ಕಾಫಿಪುಡಿ ಮಾಡುವ ಒಬ್ಬರು ಜೊತೆಗೆ ಬಂದರು. ಮನೆಯ ವಿವರದ ಪ್ರಶ್ನೆಗಳು ಮೂವರಿಗೂ ಒಂದೇ, ಉಳಿದವು ಅವರವರದು. ಒಂದೇ ಮಾಲು ಮಾರುವ ಇಬ್ಬರು ಒಂದೇ ಆಟೋದಲ್ಲಿ ಕೂರಬಾರದು, ಜಗಳವಾಗುತ್ತದೆ. ಕಾಫಿಪುಡಿಯವರು ಚಿಕೋರಿ ಎಷ್ಟಿರಬೇಕು ಎಂದು ಕೇಳಿಸಿದರು. ಕಾನೂನು ಶೇ 49ರ ತನಕ ಬಿಡುತ್ತದೆ, ನಾಲಿಗೆ ಎಷ್ಟಕ್ಕೆ ಬಿಡುತ್ತದೆ ಎನ್ನುವುದು ಅವರ ಪ್ರಶ್ನೆ. ಅದರ ಉತ್ತರ ಅವರ ಸ್ವತ್ತು, ಇಲ್ಲಿ ಬರೆಯುವಂತಿಲ್ಲ.

ಇನ್ನು ನಾನು ಈ ಪತ್ರ ಬರೆಯಲು ಕೂತ ಮುಖ್ಯ ಕಾರಣ.

ಇಷ್ಟೆಲ್ಲ ಕಡಿಯಿರಿ ಎಂದ ನಾನು ಒಂದು ಜಾಗದಲ್ಲಿ ಮಾತ್ರ ಕತ್ತರಿ ಇಡಲು ಬಿಡಲಿಲ್ಲ. ನಾಲ್ಕು ಹುಡುಗಿಯರನ್ನು ಇಟ್ಟುಕೊಂಡೆವು, ಇಬ್ಬರು ಡಿಗ್ರಿ ಓದುತ್ತಿರುವವರು, ಇಬ್ಬರು ನನ್ನ ಹಳೆಯ ತಂಡದವರು. ಫಾರಂ ಲೆಕ್ಕದಲ್ಲಿ ಕೂಲಿ ಕೊಡಲಿಲ್ಲ, ದಿನಕ್ಕೆ 900ರಂತೆ ಕೊಟ್ಟೆವು. ಕಿರಿಯವಳು, ‘ಅಕ್ಕಾ, ಕಾಲೇಜು ಹುಡುಗೀರು ಪ್ರಾಜೆಕ್ಟ್ ವರ್ಕ್ ಅಂತ ಸುಮ್ಮನೇ ಮಾಡಿಕೊಡ್ತಾರಂತೆ’ ಎಂದಳು. ಆಗ ಅವಳಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಕೆಲಸಕ್ಕೆ ಸೇರಿದ ಮೂರನೇ ಮಳೆಗಾಲ. ಸಕಲೇಶಪುರದಲ್ಲಿ ಒಂದು ಚಹಾಪುಡಿಯ ಸರ್ವೆ. ಫಾರಂಗೆ ಹದಿನೈದು ರೂಪಾಯಿ, ಬಸ್ ಚಾರ್ಜು ಅದರಲ್ಲೇ. ಜುಲೈ ತಿಂಗಳ ಮಳೆ ಹೇಗಿರುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಛತ್ರಿ ಎರಡು ಸಲ ಮಗುಚಿತು. ಎಸ್ಟೇಟಿನ ಲೈನ್ ಮನೆಗಳೆಲ್ಲ ಬೀಗ, ಜನ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಎರಡು ಗಂಟೆಗೆ ನನ್ನ ಕೈಯಲ್ಲಿದ್ದದ್ದು ಎರಡು ಫಾರಂ, ಮೂವತ್ತು ರೂಪಾಯಿ. ಮನೆಯಲ್ಲಿ ಎರಡು ವರ್ಷದ ಮಗ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಏಳು ಫಾರಂ ತುಂಬಿದೆ. ಒಬ್ಬಳಿಗೆ ನನ್ನ ಅತ್ತೆಯ ವಯಸ್ಸು ಹಾಕಿದೆ, ಒಬ್ಬಳಿಗೆ ನನ್ನ ಓದು. ‘ಪ್ಯಾಕೆಟ್ಟಿನ ಬಣ್ಣ ಇಷ್ಟವಾಯಿತೇ?’ ಎಂಬಲ್ಲಿ ಐವರಿಗೆ ಹೌದು, ಇಬ್ಬರಿಗೆ ಇಲ್ಲ. ಎಲ್ಲರಿಗೂ ಹೌದು ಎಂದರೆ ಅನುಮಾನ ಬರುತ್ತದೆಂದು. ಫಾರಂ ನಿಜವೇ ಎಂದು ಆ ಮನೆಗಳಿಗೆ ಮತ್ತೆ ಹೋಗಿ ವಿಚಾರಿಸುವ ಬ್ಯಾಕ್ ಚೆಕ್‌ಗೆ ಯಾರೂ ಬರಲಿಲ್ಲ. ಬರಲು ಅವರಿಗೂ ಬಸ್ ಚಾರ್ಜು ಸಿಗುತ್ತಿರಲಿಲ್ಲವಲ್ಲ. ಆ ಚಹಾಪುಡಿಯ ಪ್ಯಾಕೆಟ್ಟು ಅಂಗಡಿಯಲ್ಲಿ ಕಂಡಾಗಲೆಲ್ಲ ನನಗೆ ಆ ಬೆಂಚಿನ ನೆನಪು.

ಮತ್ತೆಂದೂ ಹಾಗೆ ಮಾಡಲಿಲ್ಲ. ಸೂಪರ್‌ವೈಸರ್ ಆದ ಮೇಲೆ ಅಂಥ ಫಾರಂ ಕೈಯಲ್ಲಿ ಹಿಡಿದರೆ ಸಾಕು, ಗೊತ್ತಾಗುತ್ತಿತ್ತು. ಅಕ್ಷರ ತೀರಾ ಅಂದವಾಗಿರುತ್ತದೆ. ನಿಂತುಕೊಂಡು ಬರೆದ ಫಾರಂ ಅಷ್ಟು ನೆಟ್ಟಗಿರುವುದಿಲ್ಲ.

ಈಗ ಟ್ಯಾಬ್ ಬಂದಿದೆ, ಜಿಪಿಎಸ್ ಇದೆ, ಮಾತು ರೆಕಾರ್ಡ್ ಆಗುತ್ತದೆ, ಬೆಂಚಿನ ಮೇಲೆ ಕೂತು ತುಂಬುವುದು ಕಷ್ಟ. ಅಸಾಧ್ಯವೇನಲ್ಲ. ಗಂಡನನ್ನೋ ತಂಗಿಯನ್ನೋ ಕೂರಿಸಿ ರೆಕಾರ್ಡ್ ಮಾಡಿದ್ದನ್ನೂ ಕಂಡಿದ್ದೇನೆ. ಯಂತ್ರ ಬಂದ ಮೇಲೆ ಏಜೆನ್ಸಿಗಳು ಕಣ್ಗಾವಲು ಬಿಗಿ ಮಾಡಿದವು, ಕೂಲಿ ಏರಿಸಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ನನಗೆ ಕೆಲಸ ಕೊಡುತ್ತಿದ್ದ ಒಂದು ಕಡೆಯವರು ಮರುತಿಂಗಳೇ ನಮ್ಮ ಹುಡುಗಿಯರ ಬಸ್ ಭತ್ಯೆ ತೆಗೆದರು. ಸರ್ಕಾರ ಕೊಟ್ಟದ್ದು ಹುಡುಗಿಯರ ಪರ್ಸಿಗೆ, ಹೋಗಿ ಬಿದ್ದದ್ದು ಏಜೆನ್ಸಿಯ ಗಲ್ಲಾಕ್ಕೆ. ಸರ್ವೆಯ ಖರ್ಚು ಇಳಿಸುವುದು ಎಂದರೆ ಬಹಳ ಕಡೆ ಇದೇ ಅರ್ಥ.

ಪುಕ್ಕಟೆ ದಾರಿಯೂ ಒಂದಿದೆ ಎನ್ನುತ್ತಾರೆ: ವಾಟ್ಸ್ಆ್ಯಪ್‌ನಲ್ಲಿ ಗೂಗಲ್ ಫಾರಂ ಬಿಡುವುದು. ಓರಗಿತ್ತಿಯರೂ ಬಿಟ್ಟಿದ್ದರು. 212 ಉತ್ತರ ಬಂದಿತ್ತು, ಎಲ್ಲರೂ ‘ತುಂಬಾ ಚೆನ್ನಾಗಿದೆ, ಒಳ್ಳೆಯದಾಗಲಿ’. ಬರೆದವರು ಬೀಗರು, ನೆಂಟರು, ಸಂಘದವರು. ಅಮೆರಿಕದ ಒಂದು ಪತ್ರಿಕೆ 1936ರಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಅಂಚೆಯಲ್ಲಿ ಉತ್ತರ ತರಿಸಿಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ರೂಸ್ವೆಲ್ಟ್ ಸೋಲುತ್ತಾರೆ ಎಂದು ಬರೆಯಿತು. ಅವರು ಭಾರಿ ಬಹುಮತದಿಂದ ಗೆದ್ದರು. ಯಾರನ್ನು ಕೇಳಿದೆವು ಎನ್ನುವುದು ತಪ್ಪಿದ್ದರೆ ಎಷ್ಟು ಜನರನ್ನು ಕೇಳಿದರೂ ಅಷ್ಟೇ. ಅದಕ್ಕೇ ನಾವು ವಾರ್ಡು ಆರಿಸಿ, ಬೀದಿಯಲ್ಲಿ ಒಂದು ಮನೆಯಿಂದ ಶುರು ಮಾಡಿ, ಬಲಗೈ ಬದಿ ಹಿಡಿದು, ಆರು ಮನೆ ಬಿಟ್ಟು ಒಂದು ಮನೆ ಎಂಬ ಹಳೆಯ ಕ್ರಮದಲ್ಲೇ ಹೋದೆವು. ಬೀಗ ಹಾಕಿದ ಮನೆಗೆ ಸಂಜೆ ಮತ್ತೆ ಹೋಗಬೇಕು. ಇದು ದುಬಾರಿ ಎನಿಸುತ್ತದೆ. ಸಂಜೆ ಹೋಗದಿದ್ದರೆ ಹಗಲು ಮನೆಯಲ್ಲಿರುವವರ ಅಭಿಪ್ರಾಯ ಮಾತ್ರ ಸಿಗುತ್ತದೆ, ಕೆಲಸಕ್ಕೆ ಹೋಗುವವರದ್ದು ಬಿಟ್ಟುಹೋಗುತ್ತದೆ. ಪೊಟ್ಟಣದ ಹುರಿಹಿಟ್ಟು ಕೊಳ್ಳುವವರು ಅವರೇ ಅಲ್ಲವೇ?

ಖರ್ಚಿನ ಲೆಕ್ಕ ಕೊಡದಿದ್ದರೆ ಬರೀ ಉಪದೇಶವಾಗುತ್ತದೆ. ನಾಲ್ವರು ಹುಡುಗಿಯರಿಗೆ ನಾಲ್ಕು ದಿನ, ಒಂದು ದಿನ ತರಬೇತಿ ಮತ್ತು ಪ್ರಯೋಗದ ಹತ್ತು ಫಾರಂ, ಮೂರು ದಿನ ಫೀಲ್ಡ್: 14,400. ಹೋಗಿದ್ದ ಮನೆಗಳಲ್ಲಿ ಇಪ್ಪತ್ತಕ್ಕೆ ಮತ್ತೆ ಹೋಗಿ ‘ಇವರು ಬಂದಿದ್ದು ನಿಜವೇ, ಏನು ಕೇಳಿದರು?’ ಎಂದು ವಿಚಾರಿಸಲು ಬೇರೆ ಒಬ್ಬಾಕೆಗೆ ಎರಡು ದಿನ: 1,800. ಆಟೋ, ಊಟ 2,700. ಜೆರಾಕ್ಸ್ 1,200. ಕಂಪ್ಯೂಟರಿಗೆ ಏರಿಸಲು 2,000. ನನ್ನ ಸಂಭಾವನೆ 5,000, ಬೇಡವೆಂದರೂ ಕೊಟ್ಟರು, ಬೇಡವೆಂದು ಗಟ್ಟಿಯಾಗಿ ನಾನೂ ಹೇಳಲಿಲ್ಲ. ಒಟ್ಟು 27,100, ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂಬತ್ತು ಸಾವಿರ ಚಿಲ್ಲರೆ. ಓರಗಿತ್ತಿಯರ ಸ್ವಂತದ್ದು ಎಂದರೆ ಎರಡು ಗುಂಪು ಚರ್ಚೆಗೆ 3,000, ಮನೆಗೊಂದರಂತೆ ರುಚಿ ನೋಡಲು ಕೊಟ್ಟ 150 ಪ್ಯಾಕೆಟ್ಟಿಗೆ 6,000, ಮತ್ತೆ ಫೋನ್ ಮಾಡಿ ‘ತಿಂದಿರಾ, ಮತ್ತೆ ಕೊಳ್ತೀರಾ?’ ಎಂದು ಕೇಳಲು 1,500. ಎಲ್ಲ ಸೇರಿ ಹತ್ತೊಂಬತ್ತೂವರೆ ಸಾವಿರದ ಆಸುಪಾಸು. ನೂರು ಪುಟದ ಬಣ್ಣದ ರಿಪೋರ್ಟು ಇಲ್ಲ, ನಾಲ್ಕು ಹಾಳೆಯ ಕೋಷ್ಟಕ ಇದೆ. ಬ್ಯಾಂಕಿನವರು ಅದನ್ನೇ ತೆಗೆದುಕೊಂಡರು.

ಇದು 6,37,200ರ ಕೆಲಸಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಐವತ್ತು ಲಕ್ಷ ಹಾಕಿ ಮೂರು ಜಿಲ್ಲೆಗೆ ಮಾಲು ಕಳಿಸುವವರು ಏಜೆನ್ಸಿಗೇ ಹೋಗಬೇಕು, ಅಲ್ಲಿ ಲೆಕ್ಕ ಬಲ್ಲ ತಜ್ಞರಿದ್ದಾರೆ. ಹೋದಾಗ ಎರಡು ಮಾತು ಕೇಳಿ. ನಿಮ್ಮ ಮೂರು ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಇದಕ್ಕೆ ಎಷ್ಟು ಸಣ್ಣ ಸರ್ವೆ ಸಾಕು ಎಂದು ಕೇಳಿ. ಆಮೇಲೆ, ಫೀಲ್ಡಿನ ಹುಡುಗಿಗೆ ಒಂದು ಫಾರಂಗೆ ಎಷ್ಟು ಕೊಡುತ್ತೀರಿ, ಬ್ಯಾಕ್ ಚೆಕ್ ಎಷ್ಟು ಮನೆಗೆ ಮಾಡುತ್ತೀರಿ ಎಂದು ಕೇಳಿ. ಮೊದಲನೆಯದಕ್ಕೆ ಖುಷಿಯಿಂದ ಉತ್ತರಿಸಿ ಎರಡನೆಯದಕ್ಕೆ ತೊದಲಿದರೆ ಎದ್ದು ಬನ್ನಿ.

ಬಂಗಾಳದಲ್ಲಿ ಸೆಣಬಿನ ಬೆಳೆ ಅಂದಾಜು ಮಾಡಲು 1937ರಿಂದ ಸ್ಯಾಂಪಲ್ ಸರ್ವೆ ಶುರು ಮಾಡಿದ ಪಿ.ಸಿ. ಮಹಲನೋಬಿಸ್ ಅವರು ಫೀಲ್ಡಿನವನು ಒಂದು ಗದ್ದೆಯಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿದು ಖರ್ಚು ಹೊಂದಿಸುತ್ತಿದ್ದರು ಎಂದು ಆ ಬ್ರೀಫಿಂಗ್‌ನ ಹಿರಿಯರು ಹೇಳಿದ್ದರು. ನಡೆಯುವವನನ್ನು ಲೆಕ್ಕಕ್ಕೆ ತೆಗೆದುಕೊಂಡ ಸಾಹೇಬರು ಒಬ್ಬರಿದ್ದರು ಎಂದು ಕೇಳಿ ಅವತ್ತು ನನಗೆ ಬಹಳ ಸಂತೋಷವಾಗಿತ್ತು.

ಜಿಲ್ಲಾ ಕೈಗಾರಿಕಾ ಕೇಂದ್ರದವರು ಈ ಪತ್ರ ಓದಿದರೆ ಒಂದು ಕೋರಿಕೆ. ವರ್ಷಕ್ಕೊಮ್ಮೆ, ಹಾಸನದಲ್ಲೊಂದು ಚಿಕ್ಕಮಗಳೂರಿನಲ್ಲೊಂದು, ಇಂಥ ಶೇರ್ ಆಟೋ ನೀವೇ ಓಡಿಸಬಹುದು. ಹತ್ತು ಸಣ್ಣ ಉದ್ದಿಮೆಯವರು ಎರಡೆರಡು ಪ್ರಶ್ನೆ ಹಾಕಿದರೂ ಫಾರಂ ಹದಿನೈದು ನಿಮಿಷ ದಾಟುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಡಬೇಡಿ, ಮಲೆನಾಡಿನ ಕಡೆ ಹಗಲು ಯಾರೂ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆದಿರುವಾಗಂತೂ ಬೇಡವೇ ಬೇಡ. ಆಗ ಪಟ್ಟಣದ ಮನೆಮನೆಯಲ್ಲೂ ನೆಂಟರು, ಯಾರನ್ನು ಕೇಳಿದರೂ ‘ನಾವು ಈ ಊರಿನವರಲ್ಲ’ ಎನ್ನುತ್ತಾರೆ. ಒಮ್ಮೆ ಆ ವಾರದಲ್ಲಿ ಮಾಡಿದ ಸೋಪಿನ ಸರ್ವೆಯಲ್ಲಿ ಹಾಸನದ ಒಂದೊಂದು ಮನೆಯಲ್ಲೂ ಸರಾಸರಿ ಹನ್ನೊಂದು ಜನ ವಾಸವಿದ್ದರು.

ಈ ವರ್ಷದ ದರ್ಶನಕ್ಕೆ ಇನ್ನು ಮೂರು ವಾರವಿದೆ. 150 ಮನೆಗಳಲ್ಲಿ 61ಕ್ಕೆ ಎರಡನೇ ಫೋನ್ ಇನ್ನೂ ಬಾಕಿ. ಹುಡುಗಿಯರು ಹೊರಗೆ ಜಗುಲಿಯಲ್ಲಿ ಪಟ್ಟಿ ಹಿಡಿದು ಕೂತಿದ್ದಾರೆ, ನಾನು ಏಳಬೇಕು.

ಇತಿ,
ನಿವೃತ್ತ ಫೀಲ್ಡ್ ಸೂಪರ್‌ವೈಸರ್,
ವಿದ್ಯಾನಗರ, ಹಾಸನ

(ಹೆಸರು ಹಾಕಬೇಡಿ. ನನ್ನ ಹಳೆಯ ತಂಡದ ಹುಡುಗಿಯರು ಇನ್ನೂ ಅದೇ ಏಜೆನ್ಸಿಗಳಿಗೆ ಕೆಲಸ ಮಾಡುತ್ತಿದ್ದಾರೆ.)